ಮೂಗಿನ ಕಡೆಗೆ ಎರಡು ಮಿಲಿಮೀಟರ್

ನಾನು ದಂಡಿಗನಹಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವವನು. ದುರ್ಬೀನು ಮಾಡುವ ಹುಚ್ಚು ಹತ್ತಿದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ. ಅದನ್ನು ಬಿಡಿಸುವ ಪ್ರಯತ್ನವನ್ನು ಮನೆಯವರು ಕೈಬಿಟ್ಟು ಎರಡು ವರ್ಷವಾಯಿತು. ಆರು ಇಂಚಿನ ಕನ್ನಡಿಯೊಂದನ್ನು ನಾನೇ ಉಜ್ಜಿಕೊಂಡೆ. ಆದರೆ ಅದರ ಅಂಚಿಗೆ ಬಿದ್ದ ಬೆಳಕು ಒಂದು ಕಡೆ ಸೇರಿದರೆ ನಡುವಿಗೆ ಬಿದ್ದದ್ದು ಇನ್ನೊಂದು ಕಡೆ. ಆಕಾಶದ ಚುಕ್ಕಿ ನೋಡಿದರೆ ಹತ್ತಿಯ ಉಂಡೆ. ಎರಡನ್ನೂ ಒಂದೇ ಕಡೆ ಸೇರಿಸಬೇಕಾದರೆ ಕಣ್ಣಿಡುವ ಕೊಳವೆಯೊಳಗೆ ತಿದ್ದುವ ಲೆನ್ಸು ಬೇಕು, ಅದೂ ಒಂದು ಜೊತೆ. ಅಷ್ಟು ನಯದ ಕೆಲಸ ನನ್ನಿಂದಾಗದೆ, ಎರಡು ಗಾಜಿನ ಬಿಲ್ಲೆ ತರಿಸಿಕೊಂಡು ಹೊಳೆನರಸೀಪುರದ ಗಂಗಯ್ಯನವರ ಹತ್ತಿರ ಹೋದೆ.

ಗಂಗಯ್ಯನವರು ನಲವತ್ತು ವರ್ಷ ಕನ್ನಡಕದ ಗಾಜು ಉಜ್ಜಿದವರು. ರಾಮನಾಥಪುರದ ಹೊಗೆಸೊಪ್ಪು ಹರಾಜಿನವರು, ಅರಕಲಗೂಡಿನ ಮೇಷ್ಟ್ರುಗಳು, ಎಷ್ಟೋ ಜನರ ಮೂಗಿನ ಮೇಲೆ ಅವರ ಕೈಕೆಲಸ ಕೂತಿತ್ತು. ಈಗ ಗಾಜು ಸಿದ್ಧವಾಗಿಯೇ ಪಾರ್ಸೆಲ್ಲಿನಲ್ಲಿ ಬರುತ್ತದೆ, ಉಜ್ಜುವ ಮಷಿನ್ನು ಸುಮ್ಮನೆ ಕೂತಿದೆ. ನನ್ನ ಗಾಜು ನೋಡಿದ್ದೇ ತಡ, ಮನುಷ್ಯ ಕಾಫಿ ಕುಡಿಯುವುದನ್ನೂ ಮರೆತು ಮಷಿನ್ನಿಗೆ ಬೆಲ್ಟು ಏರಿಸಿದರು.

ಹದಿನೈದು ದಿನಕ್ಕೆ ಎರಡೂ ಲೆನ್ಸು ತಯಾರಾದವು. ಬಾಗು ಸರಿಯಿತ್ತು, ನಡುವಿನ ದಪ್ಪ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ನಾನು ಹಾಸನದ ಲೇತ್ ಅಂಗಡಿಯೊಂದರಿಂದ, ದಪ್ಪದ ಸಣ್ಣ ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜು ಕಡ ತಂದಿದ್ದೆ. ಲೆನ್ಸನ್ನು ಮೂರು ಉಕ್ಕಿನ ಗುಂಡುಗಳ ಮೇಲೆ ಕೂರಿಸಿ, ಅಂಚಿಗೆ ಗೇಜಿನ ಮೊನೆ ತಾಗಿಸಿ, ಮೆಲ್ಲಗೆ ಒಂದು ಸುತ್ತು ತಿರುಗಿಸಬೇಕು. ಮುಳ್ಳು ಅಲ್ಲಾಡಬಾರದು. ಅದು ಇಪ್ಪತ್ತು ಗೆರೆ ಹತ್ತಿ ಇಪ್ಪತ್ತು ಗೆರೆ ಇಳಿಯಿತು. ಇನ್ನೊಂದು ಲೆನ್ಸಿನದೂ ಅದೇ ಕಥೆ. ಗಾಜು ಒಂದು ಕಡೆ ದಪ್ಪ, ಒಂದು ಕಡೆ ತೆಳು, ಬೆಣೆಯ ಹಾಗೆ. ಇಂಥದ್ದರಲ್ಲಿ ನೋಡಿದರೆ ಚುಕ್ಕಿಗೆ ಬಣ್ಣದ ಬಾಲ ಬರುತ್ತದೆ.

ಗಂಗಯ್ಯನವರು ಬೆಲ್ಟು ಕಳಚಿದರು. ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು, ಬೇರೆ ಯಾರದೋ ಕೈ ಎನ್ನುವ ಹಾಗೆ ನೋಡುತ್ತಾ ಕೂತರು.

"ಕೈ ಓಯ್ತು ಕಣಪ್ಪಾ ನಟ್ರಾಜು. ಇನ್ನು ಇದ್ನ ಇಟ್ಕಂಡು ಏನ್ ಮಾಡ್ಲಿ, ಗುಜ್ರಿಗ್ ಆಕ್ಬುಡ್ತೀನಿ."

ಕೈ ನಡುಗಿದ್ದರೆ ಗಾಜಿನ ಮೈಯೆಲ್ಲ ಒರಟಾಗುತ್ತಿತ್ತು, ಇದು ಬೇರೆ ಏನೋ ಎಂದು ನಾನು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಗುಜರಿಯವನ ನಂಬರು ಹುಡುಕತೊಡಗಿದರು.

ಅಷ್ಟು ಹೊತ್ತೂ ಅವರೆಕಾಯಿ ಸುಲಿಯುತ್ತಿದ್ದ ಅವರ ಹೆಂಡತಿ ಲಕ್ಷ್ಮಿದೇವಮ್ಮ ಕೈ ಒರೆಸಿಕೊಂಡು ಬಂದರು. ದಪ್ಪ ಇದ್ದ ಕಡೆ ನಾನು ಶಾಯಿಯಲ್ಲಿ ಗುರುತು ಹಾಕಿದ್ದೆ. ಗಂಗಯ್ಯನವರು ಮೇಲು ಯಾವುದು ಎಂದು ತಿಳಿಯಲು ಪ್ರತಿ ಗಾಜಿಗೂ ಸಣ್ಣ ಗೀರು ಹಾಕುವವರು. ಅಮ್ಮ ಎರಡನ್ನೂ ಕನ್ನಡಕದ ಹಾಗೆ ಪಕ್ಕಪಕ್ಕ, ಗೀರು ಮೇಲಕ್ಕೆ ಬರುವಂತೆ ಹಿಡಿದರು. ಶಾಯಿಯ ಗುರುತು ಎರಡರಲ್ಲೂ ಒಳಗಡೆಗೆ, ಒಂದಕ್ಕೊಂದು ಎದುರಾಗಿ ಇತ್ತು.

"ಇವ್ರು ಮೂಗಿಗೆ ಜಾಗ ಬುಟ್ಟವ್ರೆ ಕಣಪ್ಪಾ," ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಕಣ್ಣಿನ ಗುಡ್ಡೆ ಫ್ರೇಮಿನ ನಟ್ಟನಡುವೆ ಇರುವುದಿಲ್ಲ, ಮೂಗಿನ ಕಡೆಗೆ ಒಂದಿಷ್ಟು ಸರಿದಿರುತ್ತದೆ. ಅದಕ್ಕೇ ಯಜಮಾನರು ಬಿಸಿ ಅರಗಿನಲ್ಲಿ ಗಾಜನ್ನು ಹಿಡಿಕೆಗೆ ಅಂಟಿಸುವಾಗ ಹೆಬ್ಬೆರಳಿನಿಂದ ಎರಡು ಮಿಲಿಮೀಟರ್ ತಳ್ಳುತ್ತಾರೆ. ಲೆನ್ಸಿನ ಕೇಂದ್ರ ಅಷ್ಟು ಪಕ್ಕಕ್ಕೆ ಹೋಗಿ, ಆ ಕಡೆಯ ಅಂಚು ದಪ್ಪ ಉಳಿಯುತ್ತದೆ.

ನಾನ್ಯಾಕೆ ತಳ್ಳಲಿ, ದುರ್ಬೀನಿಗೆ ಮೂಗಿಲ್ಲ ಅಂತ ನನಗೆ ಗೊತ್ತಿಲ್ಲವಾ ಎಂದು ಗಂಗಯ್ಯನವರು ರೇಗಿದರು. ಅಮ್ಮ ವಾದಕ್ಕೆ ನಿಲ್ಲಲಿಲ್ಲ. ಅರಗು ಕಾಯಿಸಿ, ಹಳೆಯ ಗಾಜೊಂದನ್ನು ಅವರ ಕೈಗಿಟ್ಟು ಅಂಟಿಸಲು ಹೇಳಿ, ಮೆಲ್ಲಗೆ ಅವರ ತಂಗಿಯ ಮನೆಯ ಗೃಹಪ್ರವೇಶದ ಮಾತು ತೆಗೆದರು. ಅಲ್ಲಿ ಊಟಕ್ಕೆ ಕೂರಿಸಲು ಎಷ್ಟು ತಡ ಮಾಡಿದರೆಂದು ಗಂಗಯ್ಯನವರು ಬಿಸಿಯಾಗಿ ವರ್ಣಿಸುತ್ತಿರುವಾಗಲೇ ಹೆಬ್ಬೆರಳು ತಾನಾಗಿ ಬಂದು ಗಾಜನ್ನು ಒಂದು ಸಲ ಪಕ್ಕಕ್ಕೆ ದೂಡಿ ಹೋಯಿತು. ಮೂವರೂ ನೋಡಿದೆವು.

"ಕೈ ಎಲ್ಲೂ ಓಗಿಲ್ಲ. ನಿಮ್ಗಿಂತ ಚೆನ್ನಾಗಿ ಗ್ಯಾಪಕ ಇಟ್ಕಂಡದೆ," ಎಂದು ಅಮ್ಮ ಅವರೆಕಾಯಿಯ ಹತ್ತಿರ ಹೋಗಿ ಕೂತರು.

ಹೊಸ ಗಾಜು ತರಿಸುತ್ತೇನೆ ಎಂದೆ. ಗಂಗಯ್ಯನವರು ನನ್ನ ಕಡೆ ನೋಡಲೂ ಇಲ್ಲ. ಕೆಟ್ಟಿತೆಂದು ಪಕ್ಕಕ್ಕಿಟ್ಟಿದ್ದ ಲೆನ್ಸನ್ನೇ ಪವರ್ ನೋಡುವ ಯಂತ್ರಕ್ಕಿಟ್ಟು, ಕೇಂದ್ರ ನಿಜವಾಗಿ ಎಲ್ಲಿದೆಯೋ ಅಲ್ಲಿ ಒಂದು ಚುಕ್ಕಿ ಇಟ್ಟರು. ಫ್ರೇಮಿಗೆ ಗಾಜು ಕತ್ತರಿಸುವ ಹಾಗೆಯೇ, ಆ ಚುಕ್ಕಿಯನ್ನು ನಡುವೆ ಹಿಡಿದು ಸುತ್ತಲೂ ಅಂಚು ಸವೆಸುತ್ತಾ ಹೋದರು. ಅರವತ್ತು ಮಿಲಿಮೀಟರಿನ ಲೆನ್ಸು ಐವತ್ತೈದಕ್ಕಿಳಿಯಿತು. ಸುತ್ತ ಒಂದು ಬಳೆ ಕೂರಿಸಿಕೊಂಡರೆ ನನ್ನ ಕೊಳವೆಗೆ ಅಷ್ಟು ಸಾಕು. ಆಮೇಲೆ ಎರಡನೆಯದು.

ಮತ್ತೆ ಗುಂಡುಗಳ ಮೇಲಿಟ್ಟು ನಾನು ತಿರುಗಿಸಿದೆ. ಮುಳ್ಳು ಅರ್ಧ ಗೆರೆ ಅದುರಿ ಸುಮ್ಮನಾಯಿತು. ಅವರು ನನ್ನನ್ನು ಸರಿಸಿ ತಾವೇ ಇನ್ನೊಂದು ಸುತ್ತು ತಿರುಗಿಸಿದರು. ಅದು ಸಾಲದೆಂದು ಅಮ್ಮನನ್ನು ಕರೆದು ತೋರಿಸಿ ಮತ್ತೊಂದು ಸುತ್ತು.

ಗುಜರಿಯ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚನ್ನರಾಯಪಟ್ಟಣದ ಬಸ್ಸಿಗೆ ನಾನು ಹೊರಟಾಗ ಮಷಿನ್ನಿನ ಬೇರಿಂಗಿಗೆ ಎಣ್ಣೆ ಬಿಡುತ್ತಿದ್ದರು.

"ಸೋಮವಾರ ಆ ಕನ್ನಡೀನೂ ತಕಂಬಾ," ಎಂದರು. "ಅಳ್ದು ನೋಡಣ. ನಿನ್ ಕೈ ಮ್ಯಾಲೆ ನಂಗೆ ಅಷ್ಟು ನಂಬ್ಕೆ ಇಲ್ಲ."