ಹಿತ್ತಾಳೆಯ ಬಿರಡೆ

"ಸತ್ತೋರ ಜೇಬಿಗೆ ಕೈ ಹಾಕ್ತೀರಲ್ಲ, ನಾಚಿಕೆ ಆಗಲ್ವಾ ನಿಮ್ಗೆ? ತೆಗೀರಿ ಕೈ! ತೆಗೀರಿ ಅಂದೆ!"

ಗೋಡೆಯ ಮೊಳೆಗೆ ತೂಗುಹಾಕಿದ್ದ ಖಾಕಿ ಅಂಗಿಯ ಜೇಬಿನಿಂದ ಮ್ಯಾನೇಜರು ಕೈ ಎಳೆದುಕೊಂಡರು. ಬೆರಳಿಗೆ ಕರಿ ಎಣ್ಣೆ ಮೆತ್ತಿತ್ತು. ಒರೆಸಿಕೊಳ್ಳಲು ಏನೂ ಸಿಗದೆ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತರು.

"ಅಮ್ಮಾ, ನಾನೇನು ಕದಿಯೋಕೆ ಬಂದಿದೀನಾ? ಇಂಜಿನ್ನಿನ ಬೀಗದ ಕೀ ಒಂದು ಬೇಕು, ಅಷ್ಟೇ. ಬೆಳಿಗ್ಗೆಯಿಂದ ಕರೆಂಟಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿದೆ. ಇಂಜಿನ್ ಶುರು ಮಾಡ್ದೇ ಇದ್ರೆ ಒಳಗಿರೋ ಐಸೆಲ್ಲ ನೀರಾಗುತ್ತೆ."

"ಆಗ್ಲಿ ಬಿಡಿ! ಇವರು ಅಲ್ಲಿ ನೀರಾಗ್ಲಿಲ್ವಾ ಇಷ್ಟು ವರ್ಷ? ಆಗ ಯಾರು ಬಂದು ನೋಡಿದ್ರಿ?"

ಅವಳ ಕೂಗು ಬೀದಿಯ ಆ ತುದಿಗೂ ಕೇಳಿತು. ಅವಳ ಗಂಡ, ಐಸ್ ಫ್ಯಾಕ್ಟರಿಯ ಇಂಜಿನ್ ಡ್ರೈವರ್, ಎಲ್ಲರ ಬಾಯಲ್ಲಿ ಇಂಜಿನಣ್ಣ, ನಡುಮನೆಯಲ್ಲಿ ಹಲಗೆಯ ಮೇಲೆ ಮಲಗಿದ್ದ. ಹಲಗೆಯ ಕೆಳಗೆ ಮರದ ಹೊಟ್ಟು ಮೆತ್ತಿದ ಐಸಿನ ದಿಮ್ಮಿಗಳು. ಅವುಗಳಿಂದ ಇಳಿದ ನೀರು ಕೆಳಗಿಟ್ಟ ತಟ್ಟೆಗಳಿಗೆ ತೊಟ್ಟಿಕ್ಕುತ್ತಿತ್ತು.

ಹೊರಗೆ ಬೆಂಚಿನ ಮೇಲೆ ಪಕ್ಕದ ಮನೆಯ ಟೈಲರು, ಫ್ಯಾಕ್ಟರಿಯಲ್ಲಿ ಐಸು ಹೊರುವ ಗೋಣಿ ಕೂತಿದ್ದರು. ಹೆಗಲ ಮೇಲೆ ಸದಾ ಒಂದು ಗೋಣಿಚೀಲ ಇರುತ್ತಿದ್ದುದರಿಂದ ಅವನ ಹೆಸರನ್ನು ಜನ ಮರೆತೇಬಿಟ್ಟಿದ್ದರು.

"ಈ ಮನೆ ಮಾತೇ ಹೀಗೆ," ಎಂದ ಟೈಲರು. "ಇಂಜಿನ್ ಪಕ್ಕ ನಿಂತು ನಿಂತು ಅಣ್ಣನ ಎಡಗಿವಿ ಪೂರ್ತಿ ಹೋಗಿತ್ತಲ್ಲ. ಬಲಗಿವಿ ಏನೋ ಒಂಚೂರು. ಅಕ್ಕ ಇಲ್ಲಿ 'ಊಟಕ್ಕೆ ಬನ್ನಿ' ಅಂತ ಕೂಗಿದ್ರೆ ನಮ್ಮನೇಲಿ ನಾವು ಕೈ ತೊಳ್ಕೊಂಡು ಕೂರ್ತಿದ್ವಿ."

ಗೋಣಿ ನಕ್ಕ. ನಕ್ಕಿದ್ದಕ್ಕೆ ತಾನೇ ನಾಚಿ ಮುಖ ಉಜ್ಜಿಕೊಂಡ. "ನಿನ್ನೆ ಸಂಜೆ ಸ್ಟೂಲ್ ಮೇಲೆ ಗೋಡೆಗೊರಗಿ ಕೂತಿದ್ದ. ನಿದ್ದೆ ಬಂದಿದೆ ಅಂದ್ಕೊಂಡೆ. ಕೂಗಿದೆ. ಕೇಳ್ಸಲ್ವಲ್ಲ ಅಂತ ಬಲಗಡೆಗೆ ಹೋಗಿ ಕೂಗಿದೆ. ಆಮೇಲೆ ಮುಟ್ಟಿದೆ."

ಒಳಗಿನಿಂದ ಮ್ಯಾನೇಜರು ಕರೆದರು. "ಏ ಗೋಣಿ, ಬಾರೋ ಇಲ್ಲಿ. ನೀನೇ ಹೋಗಿ ಆ ಬೀಗ ಒಡೆದುಬಿಡು. ಏನಾಗುತ್ತೋ ಆಗ್ಲಿ."

"ನನ್ ಕೈಲಾಗಲ್ಲ ಸಾರ್. ಅಣ್ಣ ಬೀಗ ಹಾಕಿದಾನೆ ಅಂದ್ರೆ ಏನೋ ಇರುತ್ತೆ."

"ಏನಿರುತ್ತೆ? ದಿನಾ ಹಾಕ್ತಿದ್ದ. ಅದೊಂದು ಹುಚ್ಚು ಅವನಿಗೆ."

ಮ್ಯಾನೇಜರು ದಿಮ್ಮಿಗಳ ಕಡೆ ತಿರುಗಿದರು, ದನಿ ತಗ್ಗಿಸಿದರು.

"ಅಮ್ಮಾ, ಮಗಳು ಬರೋದು ಸಂಜೆ ಅಂದ್ರಲ್ಲ. ಈ ಐಸು ಅಲ್ಲೀವರೆಗೂ ನಿಲ್ಲುತ್ತಾ? ನೀವೇ ನೋಡಿ."

ಅವಳು ನೋಡಿದಳು. ಬೆಳಗಿನ ಜಾವ ತಂದಾಗ ಚೌಕವಾಗಿದ್ದ ದಿಮ್ಮಿಗಳ ಮೂಲೆಗಳು ಸವೆದು ಸೋಪಿನ ಬಿಲ್ಲೆಯಂತಾಗಿದ್ದವು. ಹೊರಗೆ ಬಿಸಿಲು ಇನ್ನೂ ಏರುತ್ತಿತ್ತು. ಫೋನಿನಲ್ಲಿ ಮಗಳು ಹೇಳಿದ್ದು ಒಂದೇ ಮಾತು: "ಅಮ್ಮಾ, ನಾನು ಮುಖ ನೋಡದೆ ಎತ್ತಬೇಡಿ. ನಿನ್ನ ದಮ್ಮಯ್ಯ, ಇಟ್ಕೊಂಡಿರು." ಇಟ್ಟುಕೊಂಡಿರುತ್ತೇನೆ ಎಂದು ತಾಯಿ ಮಾತು ಕೊಟ್ಟಿದ್ದಳು.

"ಕರೆಂಟು ಹೋಗಿ ಎಲ್ಲೂ ಐಸಿಲ್ಲ. ನಮ್ಮಲ್ಲಿ ಇರೋದನ್ನ ದೋಣಿಯವರು ಆಗ್ಲೇ ಹೇಳಿಟ್ಟಿದಾರೆ," ಎಂದರು ಮ್ಯಾನೇಜರು. "ಇಂಜಿನ್ ಓಡಿದ್ರೆ ಧಣಿಗಳಿಗೆ ಹೇಳಿ ನಾನೇ ಕಳಿಸ್ತೀನಿ. ಓಡದಿದ್ರೆ ಅವರನ್ನ ಏನಂತ ಕೇಳ್ಲಿ?"

"ಇವರ ಹೆಣಕ್ಕೆ ಐಸು ಬೇಕಂದ್ರೆ ಇವರ ಇಂಜಿನ್ನೇ ಓಡ್ಬೇಕಾ?"

"ಹಾಗಂದ್ಕೊಳ್ಳಿ."

ಅವಳು ಎದ್ದು ಅಂಗಿಯ ಜೇಬಿಗೆ ಕೈ ಹಾಕಿದಳು. ಕೆಂಪು ದಾರವೊಂದು ಬಂತು. ದಾರದಲ್ಲಿ ಕೀ, ಅದರ ಜೊತೆಗೇ ಬಿಗಿದು ಕಟ್ಟಿದ್ದ ಹೆಬ್ಬೆರಳು ಗಾತ್ರದ ಹಿತ್ತಾಳೆಯ ಬಿರಡೆ. ಎಣ್ಣೆ ಕುಡಿದ ಗಂಟು ಕಲ್ಲಿನಂತಾಗಿತ್ತು.

"ಇದೇನು ಗುಂಡು?" ಎಂದರು ಮ್ಯಾನೇಜರು.

"ಕೀ ಕಳೆದುಹೋಗದೆ ಇರ್ಲಿ ಅಂತ ಭಾರಕ್ಕೆ ಕಟ್ಟಿರ್ತಾನೆ," ಎಂದ ಟೈಲರು ಬಾಗಿಲಿನಿಂದ.

ಮ್ಯಾನೇಜರು ಕೈ ಚಾಚಿದರು. ಅವಳು ಕೊಡಲಿಲ್ಲ.

"ಕೀ ತಗೊಂಡ್ಹೋಗಿ. ಇದು ಇಲ್ಲಿರ್ಲಿ. ಅವರು ಕೈಯಾರೆ ಕಟ್ಟಿದ್ದು, ಮನೇಲೊಂದು ಇರ್ಲಿ."

ಗಂಟು ಬಿಚ್ಚಲು ಬರಲಿಲ್ಲ. ಟೈಲರು ಕತ್ತರಿ ತಂದ. ಅವಳೇ ದಾರ ಕತ್ತರಿಸಿದಳು. ಮ್ಯಾನೇಜರು ಕೀ ಹಿಡಿದು, ಇಂಜಿನ್ ಶುರು ಮಾಡಲು ಫ್ಯಾಕ್ಟರಿಯ ವೆಲ್ಡರನ್ನು ಕೂಗುತ್ತಾ, ಅರ್ಧ ಓಡುತ್ತಾ ಹೋದರು.

*

ಮೊದಲು ಆ ಇಂಜಿನ್ನಿಗೆ ಬೀಗ ಇರಲಿಲ್ಲ. ಪಾಳಿಗೆ ಇಬ್ಬರಿದ್ದ ಕಾಲ ಅದು. ಇಂಜಿನಣ್ಣ ಡ್ರೈವರ್, ಅವನ ಹೆಂಡತಿಯ ತಮ್ಮ ಜೊತೆಗಾರ. ಭಾವ ಭಾವಮೈದ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು, ಒಂದೇ ಬೀಡಿ ಹಂಚಿಕೊಳ್ಳುತ್ತಿದ್ದರು.

ಮನುಷ್ಯನಿಗಿಂತ ಎತ್ತರದ ಇಂಜಿನ್. ಸಿಲಿಂಡರಿನಲ್ಲಿ ತುಂಬಿಟ್ಟ ಗಾಳಿಯನ್ನು ಒಮ್ಮೆಲೇ ಬಿಟ್ಟರೆ ಆ ರಭಸಕ್ಕೆ ತಿರುಗಿ ಹೊತ್ತಿಕೊಳ್ಳುತ್ತಿತ್ತು. ಗಾಳಿಯ ವಾಲ್ವು ಒಂದು ಪಕ್ಕ, ಬೆಲ್ಟು ಇನ್ನೊಂದು ಪಕ್ಕ. ಇಲ್ಲಿ ನಿಂತವನಿಗೆ ಅಲ್ಲಿ ಬಗ್ಗಿದವನು ಕಾಣುವುದಿಲ್ಲ.

ಅವತ್ತು ಧಣಿ ಬಾಗಿಲಲ್ಲಿ ನಿಂತು, ದೋಣಿಯವರು ಕಾಯುತ್ತಿದ್ದಾರೆಂದು ಒದರುತ್ತಿದ್ದರು. ಭಾವಮೈದ ಬೆಲ್ಟಿನ ಹಿಂದೆ ಕೈ ಹಾಕಿ ಏನೋ ಬಿಗಿ ಮಾಡುತ್ತಿದ್ದ. "ಆಯ್ತೇನೋ?" ಎಂದು ಇಂಜಿನಣ್ಣ ಕೂಗಿದ. ಉತ್ತರ ಬಂದರೂ ಬಾರದಿದ್ದರೂ ಅವನ ಕಿವಿಗೆ ಒಂದೇ. ಸುತ್ತು ಹಾಕಿ ಹೋಗಿ ಕಣ್ಣಾರೆ ನೋಡಬೇಕಿತ್ತು. ನೋಡಲಿಲ್ಲ. ವಾಲ್ವು ತಿರುಗಿಸಿದ.

ಎರಡು ಬೆರಳು ಹೋದವು. ಧಣಿ ಆಸ್ಪತ್ರೆಗೆ ಸೇರಿಸಿದರು, ಕೆಲಸದಿಂದ ತೆಗೆದರು. ಪಾಳಿಗೆ ಒಬ್ಬನೇ ಸಾಕೆಂದು ಅವರಿಗೆ ಹೊಳೆದದ್ದೂ ಆಗಲೇ.

ಇಂಜಿನಣ್ಣ ಅಂಗಡಿಯಿಂದ ಒಂದು ಬೀಗ ತಂದು ವಾಲ್ವಿಗೆ ಜಡಿದ. ಬೀಗದ ಜೊತೆ ಬಂದಿದ್ದ ಇನ್ನೊಂದು ಕೀಯನ್ನು ಸುತ್ತಿಗೆಯಲ್ಲಿ ಜಜ್ಜಿ ಎಸೆದ. ಅಂದಿನಿಂದ ಇಂಜಿನ್ನಿಗೆ ಕೈ ಹಾಕುವ ಮುಂಚೆ ಬೀಗ, ಕೀ ಅವನ ಜೇಬಿನಲ್ಲಿ. ಹೆಂಡತಿಯನ್ನೂ ಇಷ್ಟು ಜೋಪಾನ ಮಾಡಿಲ್ಲ ಮಹಾರಾಯ ಎಂದು ಐಸು ಹೊರುವವರು ನಗುತ್ತಿದ್ದರು. ಅವನಿಗೆ ಕೇಳಿಸುತ್ತಿರಲಿಲ್ಲ, ಅಥವಾ ಕೇಳಿಸುತ್ತಿತ್ತು.

*

"ಮೂರ್ಬೆರಳು ಬಂದ," ಎಂದು ಬೆಂಚಿನ ಮೇಲೆ ಯಾರೋ ಪಿಸುಗುಟ್ಟಿದರು.

ಅವನು ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟು ಒಳಗೆ ಬಂದ. ಪೇಟೆಯಲ್ಲಿ ಸೈಕಲ್ ಸ್ಟ್ಯಾಂಡ್ ಕಾಯುವವನು. ಈ ಹೊಸ್ತಿಲು ತುಳಿದು ಎಷ್ಟೋ ವರ್ಷವಾಗಿತ್ತು. ಅಕ್ಕ ತಲೆ ಎತ್ತಿ ನೋಡಿದಳು.

"ಈಗ ಬಂದ್ಯಾ? ಬಾಪ್ಪ, ಬಾ. ಹೋಗಿದಾರಾ ಇಲ್ವಾ ಅಂತ ಖಾತ್ರಿ ಮಾಡ್ಕೊಂಡು ಹೋಗು."

"ಜಗಳಕ್ಕೆ ಬಂದಿಲ್ಲ ಅಕ್ಕ. ಹೆಗಲು ಕೊಡೋಕೆ ಬಂದೆ."

"ಹೆಗಲು ಕೊಡೋನು ಬದುಕಿದ್ದಾಗ ಒಂದು ಮಾತು ಕೊಡ್ಬೇಕಿತ್ತು. ರಸ್ತೇಲಿ ಎದುರು ಸಿಕ್ರೆ ಆ ಪಕ್ಕಕ್ಕೆ ದಾಟ್ತಿದ್ಯಂತೆ. ಮನೆಗೆ ಬಂದು ಊಟ ಬಿಡ್ತಿದ್ರು, ಗೊತ್ತಾ ನಿಂಗೆ?"

"ನಾನೂ ಬಿಟ್ಟಿದೀನಿ ಅಕ್ಕ. ಬಲಗೈಲಿ ಅನ್ನ ಕಲಸೋಕೆ ಬರದೆ."

ಅವನು ಹೆಣದ ಪಕ್ಕ ಕುಕ್ಕರುಗಾಲಲ್ಲಿ ಕೂತ. ಭಾವನ ಉಗುರಿನ ಸಂದಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಅದನ್ನೇ ನೋಡುತ್ತಿದ್ದ.

"ಕೈ ಪೂರ್ತಿ ಎಣ್ಣೆ," ಎಂದಳು ಅಕ್ಕ, ದನಿ ಸ್ವಲ್ಪ ಇಳಿದಿತ್ತು. "ಮೊಣಕೈವರೆಗೂ. ತೊಳೆದು ತೊಳೆದು ಸಾಕಾಯ್ತು."

"ಕರಿ ಎಣ್ಣೆನಾ? ಹಳೇದಾ?"

"ಎಣ್ಣೇಲಿ ಹಳೇದು ಹೊಸದು ನಂಗೇನು ಗೊತ್ತು?" ಅವಳು ಮುಷ್ಟಿ ಬಿಚ್ಚಿದಳು. "ಇದೊಂದು ಇಟ್ಕೊಂಡಿದೀನಿ. ಜೇಬಲ್ಲಿತ್ತು."

ಅಂಗೈಯಲ್ಲಿ ಬಿರಡೆ, ಅದರ ಕೊರಳಿಗೆ ಕತ್ತರಿಸಿದ ಕೆಂಪು ದಾರದ ತುಂಡು.

*

ಬೀಗ ಜಡಿದ ಮೇಲೆ ಒಂದು ಸಂಜೆ ಇಂಜಿನಣ್ಣ ಭಾವಮೈದನ ಮನೆಗೆ ಹೋಗಿದ್ದ. ಬ್ಯಾಂಡೇಜು ಇನ್ನೂ ಬಿಚ್ಚಿರಲಿಲ್ಲ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಜೇಬಿನಿಂದ ಕೆಂಪು ದಾರ ತೆಗೆದು ಎತ್ತಿ ತೋರಿಸಿದ.

"ನೋಡೋ," ಎಂದ, ಬೀದಿಗೆಲ್ಲ ಕೇಳುವಂಥ ದನಿಯಲ್ಲಿ. "ಇನ್ಮೇಲೆ ಏನು ಬಿಚ್ಚಿದ್ರೂ ಬಿಚ್ಚಿದ್ದನ್ನ ಕೀ ಜೊತೆ ಕಟ್ಕೋತೀನಿ. ಕವರ್ ಬಿಚ್ಚಿದ್ರೆ ಅದರ ನಟ್ಟು ಇಲ್ಲಿರುತ್ತೆ. ಎಣ್ಣೆ ಇಳಿಸಿದ್ರೆ ತಳದ ಬಿರಡೆ ಇಲ್ಲಿರುತ್ತೆ. ಅದು ಅಲ್ಲಿಗೆ ಹೋಗೋವರೆಗೂ ಕೀ ಇದನ್ನ ಬಿಟ್ಟು ಹೋಗಲ್ಲ. ಯಾರು ಎಷ್ಟೇ ಒದರ್ಲಿ. ಇನ್ನು ಯಾರಿಗೂ ಹಾಗಾಗಲ್ಲ."

ತಪ್ಪಾಯ್ತು ಎನ್ನುವ ಮಾತು ಅವನ ಬಾಯಿಗೆ ಬರಲಿಲ್ಲ. ಅವನ ಹತ್ತಿರ ಇದ್ದದ್ದು ಆ ದಾರ.

"ಯಾರಿಗೂ ಆಗದಿದ್ರೆ ನನಗೇನು ಭಾವ?" ಎಂದ ಭಾವಮೈದ. "ನನಗಾಗಿದೆ."

ಬಾಗಿಲು ಹಾಕಿಕೊಂಡ. ಇಂಜಿನಣ್ಣ ಆ ಕಡೆ ಬಲಗಿವಿ ಕೊಟ್ಟು ಸ್ವಲ್ಪ ಹೊತ್ತು ನಿಂತಿದ್ದ. ಇನ್ನೇನಾದರೂ ಹೇಳಿರಬಹುದೇನೋ, ತನಗೆ ಕೇಳಿಸಿಲ್ಲವೇನೋ ಎಂದು.

*

"ಕೀ ಎಲ್ಲಿ?"

"ಮ್ಯಾನೇಜರು ಒಯ್ದ್ರು, ವೆಲ್ಡರ್ ಕೈಲಿ ಶುರು ಮಾಡಿಸ್ತಾರಂತೆ. ಯಾಕೋ?"

"ಇದನ್ನ ಬಿಟ್ಟು ಕೀ ಹೇಗೆ ಒಯ್ದ? ದಾರ ಯಾರು ಕತ್ತರಿಸಿದ್ದು?"

"ನಾನೇ. ಐಸಿಗೋಸ್ಕರ ಕೊಟ್ಟೆ ಕಣೋ. ಮಗಳು ಬರೋವರೆಗೂ..."

"ಅಯ್ಯೋ, ಏನ್ ಮಾಡ್ದೆ ಅಕ್ಕ! ಇದು ಇಲ್ಲಿದ್ರೆ ಇಂಜಿನ್ನಲ್ಲಿ ಎಣ್ಣೆ ಇಲ್ಲ! ಒಂದು ಹನಿ ಇಲ್ಲ! ಎಣ್ಣೆ ಇಳಿಸ್ತಾ ಇಳಿಸ್ತಾ ಹೋಗಿದಾನೆ ಭಾವ!"

ಗೋಣಿ ಬಾಗಿಲಿಗೆ ಬಂದಿದ್ದ. "ಶುರು ಮಾಡೋ ಮುಂಚೆ ಎಣ್ಣೆ ಇದೆಯಾ ಅಂತ ಕಡ್ಡಿ ಅದ್ದಿ ನೋಡ್ತಾರಲ್ಲ?"

"ಯಾರು ನೋಡ್ತಾರೆ? ಆ ವೆಲ್ಡರಾ?"

"ಎಣ್ಣೆ ಇಲ್ಲದಿದ್ರೆ ತಾನೇ ನಿಲ್ಲುತ್ತೆ ಅಂತಿದ್ರಲ್ಲ, ಅದೇನೋ ಸ್ವಿಚ್ಚು..."

"ಅದಕ್ಕೆ ಧಣಿ ಯಾವತ್ತೋ ತಂತಿ ಸುತ್ತಿಸಿದಾರೆ, ಪದೇಪದೇ ನಿಲ್ಲಬಾರ್ದು ಅಂತ. ನನ್ನ ಕೈಲೇ ಸುತ್ತಿಸಿದ್ರು. ಸರಿಯೋ ಆ ಕಡೆ!"

ಆ ಹೊತ್ತಿಗೆ ಫ್ಯಾಕ್ಟರಿಯ ಕಡೆಯಿಂದ ಬುಸ್ಸೆಂದು ಗಾಳಿ ಬಿಟ್ಟ ಸದ್ದು ಬಂತು. ಹಿಂದೆಯೇ ಇಂಜಿನ್ನಿನ ಮೊದಲ ಬಡಿತಗಳು. ಬೆಂಚಿನ ಮೇಲಿದ್ದವರಿಗೆ ಹಾಯೆನಿಸಿತು. "ಶುರುವಾಯ್ತಲ್ಲ, ಇನ್ನು ಐಸು ಬರುತ್ತೆ," ಎಂದರು ಒಬ್ಬರು.

ಮೂರ್ಬೆರಳು ಅಕ್ಕನ ಅಂಗೈಯಿಂದ ಬಿರಡೆ ಕಿತ್ತುಕೊಂಡು ಬರಿಗಾಲಲ್ಲಿ ಓಡಿದ. ಬೆಂಚು ಹಾರಿದ. ತಿರುವಿನಲ್ಲಿ ಒಮ್ಮೆ ಮುಗ್ಗರಿಸಿ, ಗೋಡೆ ಹಿಡಿದು, ಮರೆಯಾದ.

ಅವಳು ಬಾಗಿಲಿಗೆ ಬಂದು ನಿಂತಳು. ಮದುವೆಯಾಗಿ ಬಂದ ದಿನದಿಂದ ಕೇಳಿದ ಸದ್ದು ಅದು. ಗಂಡ ಶುರು ಮಾಡಿದ ಮೇಲೆ ಅದನ್ನು ಸ್ವಲ್ಪ ಹೊತ್ತು ಮೆತ್ತಗೆ ಓಡಲು ಬಿಡುತ್ತಿದ್ದ, ಕಾಯಿಸಿ ಆಮೇಲೆ ಭಾರ ಹಾಕುತ್ತಿದ್ದ. ಆ ಮೆತ್ತನೆಯ ಹೊತ್ತಿನಲ್ಲೇ ಅವಳು ಎಸರಿಗಿಡುತ್ತಿದ್ದಳು. ಇವತ್ತು ಶುರುವಾದದ್ದೇ ಭಾರ ಬಿತ್ತು. ಬಡಿತ ಒಣಗಿತು. ಬೀದಿಯ ನಾಯಿಗಳು ಎದ್ದು ನಿಂತವು. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಕೀರಲು ಸದ್ದು, ಅದರ ಮೇಲೆ ಜನರ ಕೂಗು, ಆ ಕೂಗಿನೊಳಗೆ ನಿಲ್ಲಿಸ್ರೋ, ನಿಲ್ಲಿಸ್ರೋ ಎನ್ನುವ ತಮ್ಮನ ದನಿ ಎಂದು ಅವಳಿಗನಿಸಿತು.

ಆಮೇಲೆ ಒಂದು ಹೊಡೆತ. ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿದವು. ಇಂಜಿನ್ ನಿಂತಿತು.

ಗೋಣಿ ಓಡಿದ. ಟೈಲರು ಓಡಿದ. ಬೆಂಚಿನ ಮೇಲಿದ್ದವರೆಲ್ಲ ಎದ್ದು ಹೋದರು. ಹೆಂಗಸರು ಬೀದಿಯ ತಿರುವಿನವರೆಗೆ ಹೋಗಿ, ಅಲ್ಲಿಂದ ಮುಂದಕ್ಕೂ ಹೋದರು. ಫ್ಯಾಕ್ಟರಿಯ ಮೇಲೆ ಕಪ್ಪು ಹೊಗೆ ನೇರಕ್ಕೆ ಏರುತ್ತಿತ್ತು.

ಬಹಳ ಹೊತ್ತಿನ ಮೇಲೆ ಟೈಲರು ತಿರುವಿನಲ್ಲಿ ಕಾಣಿಸಿದ. ಅಂಗಿಗೆ ಮಸಿ. ಬಾಗಿಲಲ್ಲಿ ನಿಂತ ಅವಳನ್ನು ನೋಡಿದ. ಬಾಯಿ ತೆರೆದ. ಹೊಸ್ತಿಲ ಹೊರಗೆ ಮೂರ್ಬೆರಳು ಬಿಟ್ಟುಹೋದ ಚಪ್ಪಲಿ ನೋಡಿ, ಬಂದ ದಾರಿಯಲ್ಲೇ ತಿರುಗಿ ನಡೆದುಬಿಟ್ಟ.

ಅವಳು ಒಳಗೆ ಬಂದು ಕೂತಳು. ಫೋನು ಹೊಡೆದುಕೊಂಡಿತು.

"ಅಮ್ಮಾ, ಊರಿನ ಬಸ್ಸು ಹತ್ತಿದೀನಿ. ಇಟ್ಕೊಂಡಿದೀಯ ತಾನೇ?"

"ಇಟ್ಕೊಂಡಿದೀನಿ, ಬಾ," ಎಂದು ಅವಳು ಕೂಗಿ ಹೇಳಿದಳು.

"ಮಾವ ಬಂದ್ರಾ?"

"ಬಂದಿದ್ದ."

ತಟ್ಟೆಗಳು ತುಂಬಿದ್ದವು. ಚೆಲ್ಲಿ ಬರಲು ಅವಳು ಏಳಲಿಲ್ಲ. ನೀರು ನೆಲದ ಇಳುಕಲು ಹಿಡಿದು ಹೊಸ್ತಿಲು ದಾಟಿ, ಬಾಗಿಲ ಹೊರಗೆ ಉಳಿದಿದ್ದ ಒಂದೇ ಜೊತೆ ಚಪ್ಪಲಿಯ ಕೆಳಗೆ ಹರಿಯಿತು. ಬಾಗಿಲ ಕಡೆಯ ದಿಮ್ಮಿ ಸದ್ದಿಲ್ಲದೆ ಕುಸಿದು ಹಲಗೆ ವಾಲಿತು. ಇಂಜಿನಣ್ಣನ ತಲೆ ನಿಧಾನಕ್ಕೆ ಎಡಕ್ಕೆ ಹೊರಳಿತು. ಮುಖ ಬೀದಿಯ ಕಡೆಗಿತ್ತು, ಬಲಗಿವಿ ಮೇಲಾಗಿತ್ತು.