ಅಣ್ಣನ ಗ್ಯಾಂಗು

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವನಿಗೆ ವಾರಕ್ಕೊಂದೇ ರಜೆ, ಭಾನುವಾರ. ಆ ದಿನ ಮಧ್ಯಾಹ್ನ ಊಟದ ಕೈ ತೊಳೆದದ್ದೇ ತಡ, ಮುಂದಿನ ಕೋಣೆಯ ಮೇಜಿನ ಮೇಲೆ ಬಿದ್ದಿರುತ್ತಿದ್ದ ಬಟ್ಟೆಯ ರಾಶಿಯನ್ನು ಎತ್ತಿ ಅತ್ತಿಗೆಯ ಕೋಣೆಗೆ ಸಾಗಿಸಿ, ತಾನೇ ಬಿಡಿಸಿದ ಒಂದು ಊರಿನ ನಕ್ಷೆಯನ್ನು ಹಾಸುತ್ತಿದ್ದ. ಅಂಥ ಊರು ಭೂಮಿಯ ಮೇಲೆ ಎಲ್ಲೂ ಇಲ್ಲ. ಬಂದರು, ಮೀನಿನ ಮಾರುಕಟ್ಟೆ, ಎರಡು ಸೇತುವೆ, ಕಲ್ಲಿನ ಜೈಲು, ಎಲ್ಲವೂ ಅವನ ತಲೆಯಿಂದಲೇ ಇಳಿದು ಬಂದದ್ದು.

ಸ್ವಲ್ಪ ಹೊತ್ತಿಗೆ ಮೂವರು ಬರುತ್ತಿದ್ದರು. ಒಬ್ಬ ಸಿಟಿ ಬಸ್ಸಿನ ಡ್ರೈವರ್, ಕೂತರೆ ಕುರ್ಚಿ ಕಿರುಗುಟ್ಟುವ ಆಳು. ಇನ್ನೊಬ್ಬರು ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವ ಮೇಷ್ಟ್ರು. ಮೂರನೆಯವಳು ಹಲ್ಲಿನ ಆಸ್ಪತ್ರೆಯ ನರ್ಸ್. ಅವರು ಆಡುತ್ತಿದ್ದದ್ದು ಕತೆಯ ಆಟ. ಅದರಲ್ಲಿ ಕಾಯಿ ನಡೆಸುವುದಿಲ್ಲ, ಗೆಲ್ಲುವವರು ಸೋಲುವವರು ಅಂತಿಲ್ಲ. ಒಬ್ಬ ಕತೆ ಹೇಳುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ನಾನು ಬೀಗ ಒಡೆಯುತ್ತೇನೆ, ನಾನು ಗೋಡೆ ಹಾರುತ್ತೇನೆ ಎಂದು ಬಾಯಲ್ಲಿ ಹೇಳಬೇಕು. ಆಯಿತೋ ಕೆಟ್ಟಿತೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ಇವರ ಕತೆ ಬಂದರಿನ ಒಂದು ಗ್ಯಾಂಗಿನದು. ಡ್ರೈವರ್ ಅದರಲ್ಲಿ ದೊಣ್ಣೆ ಹಿಡಿದವನು, ಮೇಷ್ಟ್ರು ಉಪಾಯ ಹೂಡುವವರು, ನರ್ಸ್ ಬೀಗ ಬಿಚ್ಚುವವಳು. ಗ್ಯಾಂಗಿನ ನಾಯಕನನ್ನು ಎಲ್ಲರೂ 'ಅಣ್ಣ' ಎನ್ನುತ್ತಿದ್ದರು. ಕತೆ ಹೇಳುವವನೇ ಅಣ್ಣನ ಪರವಾಗಿ ಮಾತಾಡುತ್ತಿದ್ದ. ಆಗ ಅವನ ದನಿ ದಪ್ಪವಾಗುತ್ತಿತ್ತು, ಕೊನೆಯ ಪದವನ್ನು ನುಂಗಿಕೊಂಡು ನಗುತ್ತಿದ್ದ. ಹೆಂಗಸರನ್ನು, ಮಕ್ಕಳನ್ನು, ಬಡವರನ್ನು ಮುಟ್ಟಕೂಡದು ಎಂಬುದು ಅಣ್ಣನ ಕಟ್ಟಪ್ಪಣೆ.

ಆ ದನಿ, ಆ ನಗು ಎಲ್ಲಿಂದ ಬಂತೆಂದು ಬಂದವರಿಗೆ ಗೊತ್ತಿರಲಿಲ್ಲ. ಪರದೆಯ ಆಚೆ ಶಾಲಾ ಸಮವಸ್ತ್ರ ಹೊಲಿಯುತ್ತ ಕೂತಿರುತ್ತಿದ್ದ ಅತ್ತಿಗೆಗೆ ಮಾತ್ರ ಗೊತ್ತಿತ್ತು. ಅದು ಅವಳ ಗಂಡನ ದನಿ, ಅವಳ ಗಂಡನ ನಗು. ಆತ ಜೈಲಿನಲ್ಲಿ ಜ್ವರ ಬಂದು ಸತ್ತು ವರ್ಷಗಳೇ ಉರುಳಿದ್ದವು.

ಸತ್ತವನು ಒಬ್ಬ ಕೌನ್ಸಿಲರ್‌ನ ಹಿಂದೆ ಓಡಾಡಿಕೊಂಡಿದ್ದವನು. ಬ್ಯಾನರ್ ಕಟ್ಟುವುದರಿಂದ ಶುರುವಾದದ್ದು, ಮೆಲ್ಲಗೆ ಎದುರು ಪಕ್ಷದವರ ಬಾಗಿಲು ಬಡಿಯುವುದಕ್ಕೆ ಬಂತು. ಒಂದು ಚುನಾವಣೆಯ ಹಿಂದಿನ ಸಂಜೆ ಪಕ್ಕದ ಬೀದಿಯ ಗಡಿಯಾರ ರಿಪೇರಿಯ ಅಂಗಡಿಗೆ ಬೆಂಕಿ ಬಿತ್ತು. ಒಳಗಿದ್ದ ಮುದುಕ ಹೊರಗೆ ಬರಲಿಲ್ಲ. ಕೌನ್ಸಿಲರ್ ಗೆದ್ದ, ಮತ್ತು ಪೊಲೀಸರ ಮುಂದೆ 'ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ' ಎಂದು ಕೈ ತೊಳೆದುಕೊಂಡ. ಅಂಗಡಿ ಖಾಲಿ ಇದೆ ಅಂದುಕೊಂಡು ಅಣ್ಣ ಬೆಂಕಿ ಇಟ್ಟ, ಅವನ ಹಣೆಬರಹ ಕೆಟ್ಟದ್ದು: ಮನೆಯಲ್ಲಿ ಉಳಿದದ್ದು ಈ ಮಾತು. ಅಮ್ಮ ಅದನ್ನೇ ಹೇಳಿಕೊಳ್ಳುತ್ತ ಕಣ್ಣು ಮುಚ್ಚಿದಳು. ತಮ್ಮ ಅದನ್ನೇ ನಂಬಿಕೊಂಡು ದೊಡ್ಡವನಾದ.

ಆ ಭಾನುವಾರ ಕತೆಯೊಳಗೂ ಚುನಾವಣೆ ಬಂದಿತ್ತು. ಮೇಯರ್ ಆಗಲು ನಿಂತವನೊಬ್ಬ ಗ್ಯಾಂಗನ್ನು ಕರೆಸಿಕೊಂಡು, ಮೀನಿನ ಮಾರುಕಟ್ಟೆಯ ಕಡೆಯವರು ನಾಳೆ ಮನೆಯಿಂದ ಹೊರಗೆ ಕಾಲಿಡದಂತೆ ನೋಡಿಕೊಳ್ಳಿ, ಬಂದರು ನಿಮ್ಮದು ಅಂದ.

"ಅವರೆಲ್ಲ ಬಡವರಲ್ವಾ?" ಅಂದಳು ನರ್ಸ್. "ಮುಟ್ಟಬಾರ್ದು ಅಂತ ಇದೆಯಲ್ಲ."

"ಮುಟ್ಟೋದು ಯಾರು? ಸುಮ್ನೆ ಹೆದರಿಸೋದು," ಅಂದ ಡ್ರೈವರ್. "ಪಂಜು ಹಿಡ್ಕೊಂಡು ಬೀದೀಲಿ ಒಂದು ಸುತ್ತು ಬಂದ್ರೆ ಮುಗೀತು."

"ಬಡವರನ್ನ ಮುಟ್ಟಲ್ಲ ಅನ್ನೋ ಗ್ಯಾಂಗು ಇಷ್ಟು ದಿನ ಯಾರ ಹತ್ರ ಕಿತ್ಕೊಂಡು ತಿಂತಾ ಇತ್ತು ಅಂತ ನಂಗೆ ಮೊದಲಿಂದ ಅನುಮಾನ," ಅಂದರು ಮೇಷ್ಟ್ರು. "ಶ್ರೀಮಂತರ ಮನೆ ಮುಂದೆ ಕಾವಲಿದೆ. ಆದ್ರೂ ಬಂದರು ನಮ್ಮ ಕೈಗೆ ಬಂದ್ರೆ ನಾಲ್ಕು ಜನಕ್ಕೆ ಒಳ್ಳೇದು ಮಾಡ್ಬಹುದು, ಅದೂ ನಿಜ."

"ಮೇಷ್ಟ್ರೇ, ಇವತ್ತು ರಜೆ. ಪಾಠ ಬೇಡ," ಎಂದು ಡ್ರೈವರ್ ದಾಳ ಎಸೆದ.

ಒಂದು ಬಿತ್ತು. ಅದಕ್ಕಿಂತ ಕೆಟ್ಟದ್ದು ಬೀಳಲು ಸಾಧ್ಯವಿರಲಿಲ್ಲ.

ಕತೆ ಹೇಳುವವನು ನಕ್ಷೆಯ ಮೇಲೆ ಬೆರಳಿಟ್ಟ. ಪಂಜು ಕೈಜಾರಿತು, ಒಂದು ಅಂಗಡಿಯ ಮರದ ಬಾಗಿಲಿಗೆ ತಗುಲಿತು ಅಂದ. ಯಾವ ಅಂಗಡಿ ಎಂದು ನರ್ಸ್ ಕೇಳಿದಳು. ಹಣ್ಣಿನದು ಅನ್ನಬಹುದಿತ್ತು, ಹಗ್ಗದ್ದು ಅನ್ನಬಹುದಿತ್ತು. "ಗಡಿಯಾರ ರಿಪೇರೀದು," ಎಂದುಬಿಟ್ಟ. ನಾಲಿಗೆಗೆ ಅದು ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ.

"ಅಯ್ಯೋ, ಒಳಗೆ ಯಾರಾದ್ರೂ ಇದ್ರಾ?"

"ಇಲ್ಲ ಇಲ್ಲ. ಅಣ್ಣ ಮೊದಲೇ ಇಣುಕಿ ನೋಡಿದ್ದ. ಖಾಲಿ ಅಂಗಡಿ."

ಪರದೆಯ ಆಚೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಖಾಲಿ ಇರ್ಲಿಲ್ಲ."

ನಾಲ್ವರೂ ತಿರುಗಿ ನೋಡಿದರು. ಅತ್ತಿಗೆ ಪರದೆ ಸರಿಸಿಕೊಂಡು ನಿಂತಿದ್ದಳು. ಕೊರಳಿಗೆ ಅಳತೆಯ ಟೇಪು ಹಾಗೇ ಜೋತಾಡುತ್ತಿತ್ತು. ಇಷ್ಟು ಭಾನುವಾರ ಟೀ ಕೊಟ್ಟು ಒಳಗೆ ಹೋಗುತ್ತಿದ್ದ ಹೆಂಗಸು, ಒಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು.

"ನಾನೂ ಆಡ್ತೀನಿ. ಆಡ್ಬಹುದಲ್ವಾ?"

"ಅತ್ತಿಗೆ, ನಿಮಗೆ ಇದೆಲ್ಲ..." ಎಂದು ಅವನು ತೊದಲಿದ.

"ಆಡ್ಲಿ ಬಿಡಿ," ಅಂದಳು ನರ್ಸ್ ಸಂತೋಷದಿಂದ. ಅವಳಿಗೆ ಇನ್ನೂ ಏನೂ ಹೊಳೆದಿರಲಿಲ್ಲ. "ಯಾರಾಗ್ತೀರಿ?"

"ಆ ಗಡಿಯಾರದವನ ಹೆಂಡತಿ."

ಅತ್ತಿಗೆ ಮೈದುನನ ಕಡೆ ತಿರುಗಿದಳು. "ನಾನು ಮಾರನೇ ದಿನ ಅಣ್ಣನ ಮನೆಗೆ ಬರ್ತೀನಿ. ಬಾಗಿಲು ತಟ್ತೀನಿ. ತೆಗೀತಾನಾ?"

"ತೆಗೀತಾನೆ," ಅಂದ ಅವನು. ದನಿ ದಪ್ಪ ಮಾಡಿಕೊಳ್ಳಲು ನೋಡಿದ, ಅರ್ಧ ಮಾತ್ರ ಆಯಿತು. "ತಾಯಿ, ಆಗಬಾರದ್ದು ಆಗಿಹೋಯ್ತು. ನಿಮ್ಮ ಅಂಗಡೀನ ಮೊದಲಿನ ಥರಾನೇ ಕಟ್ಟಿಸ್ಕೊಡ್ತೀನಿ."

"ಅಂಗಡಿ ಯಾರಿಗೆ ಬೇಕು? ಬೆಳಿಗ್ಗೆಯಿಂದ ನಾನು ಸೋಪಿನ ಪೌಡರ್ ಹಾಕಿ ಕೈ ತೊಳೀತಾ ಇದೀನಿ, ಹೊಗೆ ವಾಸನೆ ಹೋಗ್ತಿಲ್ಲ. ನನ್ನ ಗಂಡ ಯಾರು ಗೊತ್ತಾ ನಿಮಗೆ? ಅವರ ಹೆಸರೇನು?"

ಅವನಿಗೆ ಹೆಸರು ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಶಾಲೆಗೆ ಆ ಅಂಗಡಿಯ ಮುಂದೆಯೇ ಹೋಗುತ್ತಿದ್ದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆಯೆತ್ತಿ ಹೆದರಿಸುತ್ತಿದ್ದ ಮುದುಕನನ್ನು ಕಂಡು ನಗುತ್ತಿದ್ದ. ವಾಚಿನ ಮಾಮ ಅನ್ನುವುದೊಂದು ಬಿಟ್ಟರೆ ಆತನಿಗೆ ಬೇರೆ ಹೆಸರು ಇರಬಹುದು ಎಂದು ಇವತ್ತಿನವರೆಗೂ ಯೋಚಿಸಿರಲಿಲ್ಲ.

ಅತ್ತಿಗೆ ಆ ಹೆಸರು ಹೇಳಿದಳು. ತಂದೆಯ ಹೆಸರನ್ನೂ ಸೇರಿಸಿ, ನಿಧಾನವಾಗಿ, ಕೋರ್ಟಿನಲ್ಲಿ ಕೂಗಿದ ಹಾಗೆ.

"ಇದು ಆಟ ಕಣ್ರಮ್ಮ," ಅಂದ ಡ್ರೈವರ್ ಕಸಿವಿಸಿಯಿಂದ. ಮೇಷ್ಟ್ರು ಅವನ ತೋಳು ಹಿಡಿದು ಸುಮ್ಮನಿರಿಸಿದರು.

"ಇನ್ನೊಂದು ಕೇಳ್ತೀನಿ," ಅಂದಳು ಅತ್ತಿಗೆ. "ನೀವು ಇಣುಕಿ ನೋಡ್ದಾಗ ಒಳಗೆ ದೀಪ ಉರೀತಾ ಇತ್ತಲ್ವಾ?"

"ಇರ್ಲಿಲ್ಲ," ಅಂದ ಅವನು ತನ್ನದೇ ದನಿಯಲ್ಲಿ. "ಅತ್ತಿಗೆ, ಇರ್ಲಿಲ್ಲ. ಅಮ್ಮ ಹೇಳ್ತಿದ್ರಲ್ಲ."

"ಅಮ್ಮನಿಗೆ ಯಾರು ಹೇಳ್ತಾರಪ್ಪ? ನನಗೆ ಹೇಳಿದ್ರು. ಕೊನೇ ಸಲ ನೋಡೋಕೆ ಹೋದಾಗ, ಕಂಬಿ ಆಚೆಯಿಂದ. 'ದೀಪ ಕಾಣಿಸ್ತು. ಮುದುಕ ಬಗ್ಗಿಕೊಂಡು ಏನೋ ಮಾಡ್ತಿದ್ದ. ವಾಪಸ್ ಹೋಗಿ ಆಗ್ಲಿಲ್ಲ ಅಂದ್ರೆ ಹುಡುಗರ ಮುಂದೆ ಮರ್ಯಾದೆ ಹೋಗ್ತಿತ್ತು' ಅಂದ್ರು."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು.

"ನೀನು ವಾರವಾರ ಅವರನ್ನ ದೇವರು ಮಾಡಿ ಕೂರಿಸ್ತೀಯ. ನಾನು ಒಳಗೆ ಕೂತು ಕೇಳ್ತೀನಿ," ಅಂದಳು ಅತ್ತಿಗೆ. ಮಾತಿನಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಕೇಳೋಕೆ ನನಗೂ ಇಷ್ಟವೇ ಆಗ್ತಿತ್ತು. ಆ ನಗು ಬಂದಾಗಂತೂ ಕೈಲಿದ್ದ ಬಟ್ಟೆ ಬಿಟ್ಟು ಕೂತಿರ್ತಿದ್ದೆ. ಆದ್ರೆ ಇವತ್ತು ನೀನು ಆ ಗಡಿಯಾರದ ಮನುಷ್ಯನನ್ನ ಅಂಗಡಿಯಿಂದಾನೇ ಅಳಿಸಿಹಾಕ್ದೆ. ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ."

ಅವಳು ಎದ್ದು ಒಳಗೆ ಹೋದಳು. ಯಂತ್ರದ ಸದ್ದು ಮತ್ತೆ ಕೇಳಿಸಲಿಲ್ಲ.

ಡ್ರೈವರ್ ಮೊದಲು ಎದ್ದ. ತಾನೇ ಏನೋ ತಪ್ಪು ಮಾಡಿದವನಂತೆ ದಾಳವನ್ನು ಮೆಲ್ಲಗೆ ಮೇಜಿನ ನಡುವೆ ಇಟ್ಟು ಹೊರಟ. ಅವನು ಮತ್ತೆ ಬರಲಿಲ್ಲ. ಬಸ್ಸಿನಲ್ಲಿ ಸಿಕ್ಕಾಗ ಕನ್ನಡಿಯಲ್ಲೇ ಕಂಡು ಕೈ ಎತ್ತುತ್ತಿದ್ದ, ಅಷ್ಟೆ. ನರ್ಸ್ ಅತ್ತುಕೊಂಡು ಹೋದಳು. ಮೇಷ್ಟ್ರು ಬಾಗಿಲ ಬಳಿ ನಿಂತರು. "ನಾನೂ ಹೂಂ ಅಂದೆನಲ್ಲ, ಬಂದರು ಸಿಗುತ್ತೆ ಅಂತ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡರು.

ಆಮೇಲಿನ ದಿನಗಳು ಆ ಮನೆಯಲ್ಲಿ ಉಸಿರು ಬಿಗಿಹಿಡಿದುಕೊಂಡೇ ಕಳೆದವು. ಮೈದುನನಿಗೆ ಅತ್ತಿಗೆಯ ಮೇಲೆ ಸಿಟ್ಟು. ಇಷ್ಟು ಕಾಲ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದವಳು ಇನ್ನಷ್ಟು ಕಾಲ ಇಟ್ಟುಕೊಂಡಿದ್ದರೆ ಯಾರ ಗಂಟು ಹೋಗುತ್ತಿತ್ತು? ಅಂಗಡಿಯಲ್ಲಿ ಗಾಜು ಉಜ್ಜುವಾಗ ಅಣ್ಣನ ಮುಖ ನೆನೆಸಿಕೊಳ್ಳಲು ನೋಡುತ್ತಿದ್ದ. ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆ ತೋರಿಸಿದ ಅಣ್ಣ, ಜ್ವರ ಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದ ಅಣ್ಣ, ಅವರೆಲ್ಲ ಬರುತ್ತಿದ್ದರು. ಬಂದು ಒಂದು ಕಿಟಕಿಯ ಮುಂದೆ ನಿಲ್ಲುತ್ತಿದ್ದರು. ಕಿಟಕಿಯಲ್ಲಿ ಬೆಳಕಿರುತ್ತಿತ್ತು. ಮತ್ತೆ ಆ ದಪ್ಪ ದನಿಯನ್ನು ಒಬ್ಬನೇ ಇದ್ದಾಗ ಒಮ್ಮೆ ಪ್ರಯತ್ನಿಸಿದ. ಬರಲಿಲ್ಲ. ಅಣ್ಣ ಸತ್ತದ್ದು ಈಗಲೇ ಅನ್ನಿಸಿ, ಗಾಜು ಉಜ್ಜುವ ಚಕ್ರ ನಿಲ್ಲಿಸಿ ಹಿಂದಿನ ಓಣಿಗೆ ಹೋಗಿ ನಿಂತ.

ಒಂದು ಸಂಜೆ ಊಟಕ್ಕೆ ಕೂತಾಗ ಕೇಳಿದ. ತಟ್ಟೆಯಿಂದ ತಲೆ ಎತ್ತಲಿಲ್ಲ.

"ಹೇಳುವಾಗ ಅಣ್ಣ ಅತ್ತನಾ?"

ಅತ್ತಿಗೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೇ ಬಿಟ್ಟಳು. ಸುಳ್ಳು ಹೇಳಬಹುದಿತ್ತು. ಹೂಂ ಅಂದಿದ್ದರೆ ಅವನು ಆ ಒಂದು ಮಾತನ್ನು ಹಿಡಿದುಕೊಂಡು ಉಳಿದ ಆಯುಸ್ಸನ್ನು ಕಳೆಯುತ್ತಿದ್ದನೋ ಏನೋ.

"ಇಲ್ಲಪ್ಪ," ಅಂದಳು. "ಹೇಳಿ ಮುಗಿಸಿದ್ರು. ಆಮೇಲೆ, ಬಚ್ಚಲಮನೆ ನಲ್ಲಿ ಸೋರ್ತಿತ್ತಲ್ಲ, ಯಾರನ್ನಾದ್ರೂ ಕರೆದು ಸರಿ ಮಾಡಿಸಿದ್ಯಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಮಾಡಿಸ್ದೆ ಅಂದೆ."

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಅತ್ತಿಗೆ ಅವನ ಎದುರಿಗೆ ನೆಲದ ಮೇಲೆ ಕೂತು, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಮೈದುನನ ಮುಂದೆ ಮುಖ ಮುಚ್ಚಿಕೊಳ್ಳದೆ ಅತ್ತಳು.