ಕುಂದು ಹೇಳುವ ಶುಕ್ರವಾರ

ಗುಡುಸಾಬರ ಲೇಥ್ ಅಂಗಡಿಯಲ್ಲಿ ಯಾರೂ ಯಾರನ್ನೂ ಹೊಗಳುವಂತಿರಲಿಲ್ಲ. ಇದು ಬರೆದು ಗೋಡೆಗೆ ಹಚ್ಚಿದ ನಿಯಮವಲ್ಲ. ಏಳು ವರ್ಷದಲ್ಲಿ ಒಂದೇ ಒಂದು ಸಲ ಗುಡುಸಾಬರ ಬಾಯಲ್ಲಿ ಹೊಗಳಿಕೆ ಕೇಳಿದ್ದೇನೆ. ಹೊಗಳಿಸಿಕೊಂಡವನು ಮತ್ತೆ ಆ ಬಾಗಿಲಿಗೆ ಬರಲಿಲ್ಲ.

ಸಿಂದಗಿಯಲ್ಲಿ ಟ್ರೇಲರ್ ಬೆಸೆಯುವವರ ಸಾಲಿನ ಕೊನೆಗೆ ಆ ಅಂಗಡಿ. ಶುಕ್ರವಾರ ನಮಾಜಿಗೆ ಹೋಗುವಾಗ ಗುಡುಸಾಬರು ಶಟರ್ ಎಳೆದರೆ ಆ ದಿನ ಮತ್ತೆ ಗಿರಾಕಿಗೆ ತೆಗೆಯುತ್ತಿರಲಿಲ್ಲ. ಎರಡೂವರೆಗೆ ಹಿಂದಿನ ಬಾಗಿಲಿನಿಂದ ನಾವು ಸೇರುತ್ತಿದ್ದೆವು: ಗುಡುಸಾಬರು, ಐಟಿಐ ಮುಗಿಸಿದ ಅವರ ಮೊಮ್ಮಗಳು ಮುಬಿನ, ಮೊಬೈಲ್ ಅಂಗಡಿಯ ಕಾಂತು, ಮತ್ತು ನಾನು. ನಾನು ತಕ್ಕಡಿ ರಿಪೇರಿಯವನು. ಇಂಡಿ ಊರಿನ ನಿಂಬೆಹಣ್ಣಿನ ಪೇಟೆ, ಬಸವನ ಬಾಗೇವಾಡಿಯ ಅಡತಿ ಅಂಗಡಿಗಳು, ಮುದ್ದೇಬಿಹಾಳದ ಎಪಿಎಂಸಿ, ಎಲ್ಲ ಕಡೆ ತಕ್ಕಡಿ ಎಷ್ಟು ತಪ್ಪು ತೂಗುತ್ತದೆ ಎಂದು ಹೇಳುವುದೇ ನನ್ನ ಹೊಟ್ಟೆಪಾಡು.

ಸತ್ತ ಯಂತ್ರಗಳಿಂದ ಉಗಿಯ ಮೇಲೆ ನಡೆಯುವ ಹೊಸ ಯಂತ್ರ ಮಾಡುವುದು ನಮ್ಮ ಆಟ. ಕೆಟ್ಟುಹೋದ ಆಯಿಲ್ ಇಂಜಿನ್, ಹಿಟ್ಟಿನ ಗಿರಣಿ, ಹೊಲಿಗೆ ಮಷೀನು, ಔಷಧ ಹೊಡೆಯುವ ಹಿತ್ತಾಳೆಯ ಪಂಪು. ನಾನು ತಲೆ ಬಾಗಿಸುವ ಒಂದು ಕಾಗೆ ಮಾಡಿದ್ದೆ. ಕಾಂತು ಮಾಡಿದ ಬೀಸಣಿಗೆ ಒಂದು ಸುತ್ತು ತಿರುಗಲು ನಾಲ್ಕು ನಿಮಿಷ ತಗೊಳ್ಳುತ್ತಿತ್ತು. ಇದಕ್ಕೆ ಜಗತ್ತಿನಲ್ಲಿ ಸ್ಟೀಮ್‌ಪಂಕ್ ಅನ್ನುತ್ತಾರೆಂದು ಮುಬಿನ ಫೋನಿನಲ್ಲಿ ಕಂಡುಹಿಡಿದಳು. ಗುಡುಸಾಬರು ಆ ಶಬ್ದವನ್ನು ಎರಡು ಸಲ ಬಾಯಲ್ಲಿ ಹೊರಳಿಸಿ, "ಇರ್ಲಿ, ಹೊಲಸ ಶಬ್ದೇನಲ್ಲಲ್ಲ" ಎಂದಿದ್ದರು.

ನಿಯಮ ಎರಡು. ತಿರುಗದ ಗೇರು, ಬರೀ ಚೆಂದಕ್ಕೆ ಅಂಟಿಸುವ ಹಲ್ಲುಗಾಲಿ, ಹಚ್ಚಬಾರದು. ಮತ್ತು ಹೊಸ ಯಂತ್ರಕ್ಕೆ ಮೊದಲ ಸಲ ಉರಿ ಹಾಕಿದ ದಿನ, ಚಹಾ ಬಂದಮೇಲೆ, ಉಳಿದವರು ಒಬ್ಬೊಬ್ಬರು ಒಂದೊಂದು ಕುಂದು ಹೇಳಬೇಕು. ಮಾಡಿದವರು ಎದುರಾಡಬಾರದು. ಮುಂದಿನ ಶುಕ್ರವಾರ ತಿದ್ದಿ ತಂದು ಮತ್ತೆ ಹೇಳಿಸಿಕೊಳ್ಳಬೇಕು. ನನ್ನ ಕಾಗೆಯ ಕತ್ತಿನ ಬಗ್ಗೆ ಇಪ್ಪತ್ತಾರು ಕುಂದು ಹೇಳಿಸಿಕೊಂಡಿದ್ದೇನೆ. ನನ್ನನ್ನು ಅಷ್ಟು ಲಕ್ಷ್ಯಕೊಟ್ಟು ನೋಡಿದವರು ಬೇರೆ ಯಾರೂ ಇಲ್ಲ. ನಾವು ಕೂರುತ್ತಿದ್ದ ಕಬ್ಬಿಣದ ಬಾಕಿನ ಎಡತುದಿಯಲ್ಲಿ ನನಗೊಂದು ಜಾಗ ಇತ್ತು. ಅದು ಬಿಟ್ಟು ನನಗೆ ಇನ್ನೇನೂ ಬೇಕಿರಲಿಲ್ಲ.

ಆ ಒಂದು ಹೊಗಳಿಕೆ ಸಿಕ್ಕಿದ್ದು ಡೆಕೋರೇಷನ್ ಅಂಗಡಿಯ ಬಸವಂತರಾಯನಿಗೆ. ಸಾಲು ಸಾಲಾಗಿ ಗೇರು ಅಂಟಿಸಿದ ಒಂದು ದೀಪ ಹಿಡಿದುಕೊಂಡು ಬಂದಿದ್ದ. ಗುಡುಸಾಬರು ಕಿರುಬೆರಳಿನಿಂದ ಒಂದು ಗೇರು ತಿರುಗಿಸಿ ನೋಡಿದರು. ತಿರುಗಲಿಲ್ಲ. ಕೈ ಒರೆಸಿಕೊಂಡು, "ಭಾಳ ಚಲೋ ಮಾಡೀರಿ ಸಾವ್ಕಾರ" ಎಂದು ಇನ್ನೊಂದು ಕಪ್ ಚಹಾ ಕುಡಿಸಿ ಕಳಿಸಿದರು. ನಾವು ಮೂವರೂ ನೆಲ ನೋಡುತ್ತ ಕೂತಿದ್ದೆವು. ಮರಣದಂಡನೆ ಅಷ್ಟು ಸೌಮ್ಯವಾಗಿರುತ್ತದೆಂದು ಆವತ್ತು ತಿಳಿಯಿತು.

ಹೋದ ವರ್ಷ ಮುಬಿನ ರೊಟ್ಟಿ ಬಡಿಯುವ ಕೈ ಮಾಡಿದಳು. ಹೊಲಿಗೆ ಮಷೀನಿನ ಸರಳು, ಹಿತ್ತಾಳೆ ಪಂಪಿನ ಟ್ಯಾಂಕು, ಐದು ಬೆರಳು. ಒತ್ತಡ ಜಾಸ್ತಿಯಾದರೆ ಉಗಿ ಬಿಡಲು ಮೇಲೊಂದು ಕುಕ್ಕರ್ ಸೀಟಿ. ಉಗಿ ಏರಿದರೆ ಜೋಳದ ಹಿಟ್ಟಿನ ಮೇಲೆ ಪಟಪಟ ಬಡಿಯುತ್ತಿತ್ತು. ರೊಟ್ಟಿಯ ಒಂದು ಅಂಚು ಯಾವಾಗಲೂ ದಪ್ಪ ಬರುತ್ತಿತ್ತು. ನಾವು ಮೂವರೂ ಅದೇ ಕುಂದು ಹೇಳಿದೆವು. ಅವಳು ತಿದ್ದುವ ಮೊದಲೇ ಕಾಂತು ಹನ್ನೊಂದು ಸೆಕೆಂಡಿನ ರೀಲ್ ಮಾಡಿ ಬಿಟ್ಟ. ನಲವತ್ತು ಲಕ್ಷ ಮಂದಿ ನೋಡಿದರು. ಆ ದಪ್ಪ ಅಂಚು ಒಬ್ಬರಿಗೂ ಕಾಣಲಿಲ್ಲ.

ಆಮೇಲೆ ಅವರು ಬಂದರು. ಶುಕ್ರವಾರ ಮುಂದಿನ ಶಟರ್ ತೆಗೆಸಿ ಬಂದರು. ಕಲಬುರಗಿಯಿಂದ, ಹುಬ್ಬಳ್ಳಿಯಿಂದ. ಮೋಟರ್‌ಸೈಕಲ್ ಗಾಗಲ್ಲಿಗೆ ಬಂಗಾರದ ಬಣ್ಣ ಹೊಡೆದುಕೊಂಡವರು, ಜಾಕೀಟಿನ ಮೇಲೆ ರಟ್ಟಿನ ಗೇರು ಹೊಲಿಸಿಕೊಂಡವರು. ಮದುವೆಗೆ ಮೊದಲು ಫೋಟೊ ತೆಗೆಸಿಕೊಳ್ಳಲು ಬಂದ ಒಂದು ಜೋಡಿ ನನ್ನ ಕಾಗೆಯನ್ನು ಅತ್ತ ಸರಿಸಿ ಲೇಥಿನ ಮೇಲೆ ಹತ್ತಿ ಕೂತಿತು. ಅವರ ಕೈಯಲ್ಲಿ ಎಣ್ಣೆಯ ಕಲೆ ಇರಲಿಲ್ಲ, ಬಾಯಲ್ಲಿ ಒಂದು ಪ್ರಶ್ನೆ ಇರಲಿಲ್ಲ. ಏನು ಕಂಡರೂ ಸೂಪರ್. ಕಸಬರಿಗೆಗೂ ಸೂಪರ್. ಅವರಲ್ಲೊಬ್ಬ ತನ್ನ ಕೈಗಡಿಯಾರ ತೋರಿಸಿದಾಗ ನಾನು ಪದ್ಧತಿಯಂತೆ ಕುಂದು ಹೇಳಿದೆ. ಅವನು ಕಾಂತುವಿನ ಕಡೆ ತಿರುಗಿ, "ಇವರಿಗೇನ್ ಆಗೇತ್ರಿ?" ಎಂದು ಕೇಳಿದ.

"ತಕ್ಕಡಿ ರಿಪೇರಿಯವ್ರು," ಎಂದ ಕಾಂತು. "ಅವ್ರಿಗೆ ಯಾವ್ದೂ ಸರಿ ತೂಗಂಗಿಲ್ಲ."

ಎಲ್ಲರೂ ನಕ್ಕರು. ಗುಡುಸಾಬರೂ ನಕ್ಕರು. ಅದನ್ನು ಮರೆತಿಲ್ಲ.

ಅವತ್ತು ಮಂದಿ ಹೋದಮೇಲೆ ಕಾಂತುವಿಗೆ ಗಂಟುಬಿದ್ದೆ. "ನಾಲ್ಕು ವಾರ ಆತು, ನಾವ್ ಒಬ್ರಿಗೊಬ್ರು ಒಂದು ಕುಂದು ಹೇಳಿಲ್ಲ ಇಲ್ಲೆ. ಇದನ್ನ ಕೆಡಿಸಿಬಿಟ್ಟಿ ನೀ."

"ಏನ್ ಕೆಡಿಸಿದ್ನೋ? ಬಾಗಲಾ ಹಾಕ್ಕೊಂಡು ನಾಕ್ ಮಂದಿ ಒಬ್ರಿಗೊಬ್ರು ಬೈಕೊಂತ ಕುಂತ್ರ ಅದು ಕಲಾ. ಮಂದಿ ನೋಡಿ ಖುಷಿ ಪಟ್ರ ಅದು ಹೊಲಸ. ಹೌದಿಲ್ಲ?"

"ಮಂದಿ ಬರ್ಲಿ. ಅಂಟು ಮನ್ಯಾಗ ಇಟ್ಟು ಬರ್ಲಿ."

"ನಿನ್ನ ಕಾಗಿ ಯಾರೂ ಕೇಳವಲ್ರಲ್ಲ, ಆ ಸಂಕಟ ನಿನಗ," ಎಂದ ಕಾಂತು.

ಮುಬಿನ ಪಿಸ್ಟನ್ ಉಜ್ಜುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಆಲಮೇಲದಿಂದ ಮೂರು ಹುಡುಗ್ಯಾರು ಬಂದಿದ್ರು ಅಣ್ಣಾ. ಒಬ್ಬಾಕಿ, ಇದನ್ನ ಬಿಚ್ಚಿ ಮತ್ತ ಕೂಡಿಸಿ ತೋರ್ಸು ಅಂದ್ಲು. ಎರಡು ತಾಸು ಎದ್ದಿಲ್ಲ. ಏಳು ವರ್ಷದಾಗ ಆ ಹಿಂದಿನ ಬಾಗಲದಿಂದ ಹೊಸಬ್ರು ಯಾರ್ ಬಂದಾರ ಹೇಳು ನೋಡೋಣ."

ಬಸವಂತರಾಯನೊಬ್ಬ ಬಂದಿದ್ದ, ಅವನನ್ನೂ ಕಳಿಸಿಬಿಟ್ಟಿದ್ದೆವು. ಅದು ನೆನಪಾದದ್ದಕ್ಕೆ ಆ ಮೂರು ಹುಡುಗಿಯರನ್ನೂ ದ್ವೇಷಿಸಿದೆ.

ಈ ಫೆಬ್ರುವರಿಯಲ್ಲಿ ಕಾಂತು ಮುದ್ದೇಬಿಹಾಳದ ಒಂದು ಮೈದಾನದಲ್ಲಿ 'ಉಗಿ ಉತ್ಸವ' ಇಟ್ಟ. ಅದಕ್ಕಾಗಿ ಮುಬಿನ ಆಳೆತ್ತರದ ಕೈ ಮಾಡಿದಳು. ಪಂಕ್ಚರ್ ಅಂಗಡಿಯ ಹಳೆಯ ಕಂಪ್ರೆಸರ್ ಟ್ಯಾಂಕೇ ಬಾಯ್ಲರು, ಅದರ ತಲೆಯ ಮೇಲೆ ಮತ್ತದೇ ಕುಕ್ಕರ್ ಸೀಟಿ. ಉತ್ಸವದ ಹಿಂದಿನ ಶುಕ್ರವಾರ ಗುಡುಸಾಬರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ವಿಜಯಪುರಕ್ಕೆ ಹೋಗಿದ್ದರು. ಅಂಗಡಿಯಲ್ಲಿ ಮುಬಿನ ಒಬ್ಬಳೇ. ಮೂರು ದಿನ ನಿದ್ದೆಗೆಟ್ಟ ಕಣ್ಣು. ಬಾಯ್ಲರಿನ ಮೈತುಂಬ ಬಂಗಾರದ ಬಣ್ಣದ ಗೇರುಗಳು. ಆ ಮುಂಜಾನೆ ಕಾಂತು ತನ್ನ ಗೆಳೆಯರನ್ನು ಕರೆತಂದು ಎಂಸೀಲ್ ಅಂಟಿನಿಂದ ಮೆತ್ತಿಸಿ ಹೋಗಿದ್ದ.

ಅವಳು ಚಹಾ ಸುರುವಿ ನನ್ನ ಮುಂದಿಟ್ಟಳು. "ಅಜ್ಜಾ ಇಲ್ಲ. ಕಾಂತು ಅಣ್ಣಗ ಕೇಳಿದ್ರ ಸೂಪರ್ ಅಂತಾನ. ನೀ ಕುಂದು ಹೇಳು. ಕೆಲಸಾ ಮುಗಿದಂಗ ಅನಸವಲ್ದು ನನಗ."

ನಾನು ಯಂತ್ರದ ಸುತ್ತ ಒಂದು ಸುತ್ತು ಹಾಕಿದೆ. ನನಗೆ ತಟ್ಟನೆ ಕಂಡಿತು. ಸೀಟಿಯ ಮಗ್ಗುಲಿಗೆ ಅಂಟಿಸಿದ ಒಂದು ಗೇರಿನ ಹಲ್ಲು ಸೀಟಿಯ ಮೇಲೆ ಚಾಚಿಕೊಂಡಿತ್ತು. ಉಗಿ ಹೊರಬೀಳಬೇಕಾದರೆ ಸೀಟಿ ಅರ್ಧ ಬೆರಳಾದರೂ ಏಳಬೇಕು. ಅಲ್ಲಿ ಇದ್ದ ಸಂದು ಒಂದು ಕಾಗದದ ದಪ್ಪ. ಕೂದಲೆಳೆಯ ವ್ಯತ್ಯಾಸ ನೋಡಿ ನೋಡಿ ಬದುಕುವವನು ನಾನು; ಕಾಣಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಲೆಕ್ಕವನ್ನೂ ಹಾಕಿದೆ. ನಮ್ಮ ಕಟ್ಟಿಗೆಯ ಉರಿಯಲ್ಲಿ ಅಷ್ಟು ದೊಡ್ಡ ಟ್ಯಾಂಕಿಗೆ ಸೀಟಿ ಏಳುವಷ್ಟು ಒತ್ತಡ ಬರಲು ಒಂದು ತಾಸು ಬೇಕು. ಅಷ್ಟು ಹೊತ್ತು ಆ ಮಂದಿ ಕೂರುವುದಿಲ್ಲ. ಕೈ ಹತ್ತು ಸಲ ಬಡಿದು ಸೋತು ನಿಲ್ಲುತ್ತದೆ, ಮಂದಿ ನಗುತ್ತಾರೆ, ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಒಂದು ಕುಂದು ಹೇಳಿದರೆ ಅವಳು ಉರಿಯ ತನಕ ಎಲ್ಲವನ್ನೂ ತಿದ್ದಿಬಿಡುತ್ತಾಳೆ; ನನಗೆ ಆ ನಗು ಬೇಕಿತ್ತು.

"ಭಾಳ ಚಲೋ ಆಗೇತಿ," ಎಂದೆ.

ಅವಳ ಮುಖ ಮೊದಲು ಬಿಳುಪಾಯಿತು, ಆಮೇಲೆ ಗಟ್ಟಿಯಾಯಿತು. "ಅಂದ್ರ?"

"ಅಂದ್ರ ಅಷ್ಟ. ಭಾಳ ಚಲೋ ಆಗೇತಿ."

"ನಾನೂ ಬಸವಂತರಾಯ ಆದ್ನೇನು ನಿನಗ?"

ಚಹಾ ಮುಟ್ಟದೆ ಹೊರಗೆ ಬಂದೆ. ಅವಳಿಗೆ ಅವಮಾನ ಕಂಡಿತು. ಅವಮಾನದ ಹಿಂದೆ ಒಂದು ನಿಜವಾದ ಕುಂದು ಇದೆಯೆಂದು ಅವಳಿಗೆ ಹೊಳೆಯಲಿಲ್ಲ. ಯಾಕೆ ಹೊಳೆಯಬೇಕು? ಏಳು ವರ್ಷದಲ್ಲಿ ನಮ್ಮಲ್ಲಿ ಯಾರೂ ಕುಂದು ಕಂಡು ಸುಮ್ಮನಿದ್ದದ್ದಿಲ್ಲ.

ರವಿವಾರ ನಾನು ಮುದ್ದೇಬಿಹಾಳಕ್ಕೆ ಹೋಗಬೇಕಾಗಿರಲಿಲ್ಲ. ಆದರೂ ಹೋದೆ. ಶಾಮಿಯಾನದ ಕೊನೆಯ ಕಂಬಕ್ಕೆ ಒರಗಿ ನಿಂತೆ. ಎರಡು ಸಾವಿರ ಮಂದಿ ಇದ್ದಿರಬೇಕು. ಎಲ್ಲಿ ನೋಡಿದರೂ ರಟ್ಟಿನ ಗೇರು. ಒಬ್ಬ ಹೆಂಗಸು ಇಳಕಲ್ ಸೀರೆಯ ಸೆರಗಿಗೆ ಗೋಡೆ ಗಡಿಯಾರದ ಮುಳ್ಳು ಚುಚ್ಚಿಕೊಂಡು ಬಂದಿದ್ದಳು. ಮುಂದೆ ಜಮಖಾನೆಯ ಮೇಲೆ ಶಾಲೆಯ ಮಕ್ಕಳನ್ನು ಕೂರಿಸಿದ್ದರು.

ಮುಬಿನ ಬೆಂಕಿ ಹಚ್ಚಿದಳು. ಆಗ ವೇದಿಕೆಯ ಹಿಂದಿನಿಂದ ಕಾಂತು ಕಲ್ಲಿದ್ದಲಿನ ಎರಡು ಚೀಲ ಮತ್ತು ಕಮ್ಮಾರರ ಬ್ಲೋವರ್ ತರಿಸಿದ. "ಕಟಗಿ ಹಚ್ಚಿದ್ರ ಸಂಜಿ ಆಗ್ತೈತ್ರೀ," ಎಂದ ಮೈಕಿನಲ್ಲಿ. ಮಂದಿ ನಕ್ಕರು.

ನನ್ನ ಲೆಕ್ಕದಲ್ಲಿ ಕಲ್ಲಿದ್ದಲು ಇರಲಿಲ್ಲ.

ಹತ್ತು ನಿಮಿಷಕ್ಕೆ ಕೈ ಎದ್ದಿತು. ಪಟ್. ಮಂದಿ ಕೂಗಿದರು. ಪಟ್, ಪಟ್. ಅದರ ತಾಳಕ್ಕೆ ಚಪ್ಪಾಳೆ ಶುರುವಾಯಿತು. ಕೈ ಬಿರುಸಾಯಿತು, ಚಪ್ಪಾಳೆಯೂ ಬಿರುಸಾಯಿತು. ಇಷ್ಟೊತ್ತಿಗೆ ಸೀಟಿ ಉಗಿ ಬಿಡಬೇಕಿತ್ತು. ಬಿಡಲಿಲ್ಲ. ಮುಬಿನ ಕತ್ತು ವಾರೆ ಮಾಡಿ ಸೀಟಿಯ ಕಡೆ ನೋಡುತ್ತಿದ್ದಳು. ಅವಳೂ ಆ ಸದ್ದಿಗೆ ಕಾಯುತ್ತಿದ್ದಳು. ಟ್ಯಾಂಕಿನ ಬೆಸುಗೆಯಿಂದ ತೆಳ್ಳಗೆ ಒಂದು ಬಿಳಿ ಎಳೆ ಹೊರಬಿತ್ತು. ಮುಂದಿನ ಸಾಲಿನ ಮಕ್ಕಳು ಅದಕ್ಕೂ ಚಪ್ಪಾಳೆ ಹೊಡೆದರು.

ನಾನು ಓಡಿದೆ. "ಹಿಂದ ಸರೀರಿ, ಹುಡುಗ್ರನ್ನ ಎಬ್ಬಸ್ರಿ" ಎಂದು ಒದರುತ್ತ ಓಡಿದೆ, ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ. ಬಾಯ್ಲರಿನ ಕೆಳಗಿದ್ದ ಬೆಂಕಿಯ ತಟ್ಟೆಯನ್ನು ಒದ್ದು ಕೆಡವಿದೆ. ಕೆಂಡ ವೇದಿಕೆಯ ತುಂಬ ಉರುಳಿತು. ಟ್ಯಾಂಕಿನ ಕೆಳಗಿನ ನಳ ತಿರುಗಿಸಿದೆ, ಉಗಿ ಬುಸ್ಸೆಂದು ಬಂದು ನನ್ನ ಬಲಗೈಯನ್ನು ಮೊಣಕೈವರೆಗೆ ಬೇಯಿಸಿತು. ಯಂತ್ರದ ಕೈ ಎರಡು ಸಲ ಮೆಲ್ಲಗೆ ಬಡಿದು ಗಾಳಿಯಲ್ಲಿ ನಿಂತಿತು.

ಆಮೇಲೆ ನನ್ನನ್ನು ಹೊಡೆದರು. ಗಾಗಲ್ಲಿನ ಹುಡುಗರು ಹೊಡೆದರು, ಉತ್ಸವ ಸಮಿತಿಯವರು ಎಳೆದು ಕೆಳಗೆ ನೂಕಿದರು. ಕಾಂತು ಮೈಕಿನಲ್ಲಿ, "ಹೊಟ್ಟಿಕಿಚ್ಚಿಗೆ ಔಷಧ ಇಲ್ರೀ, ನೀವು ಕುಂದರ್ರಿ, ಕುಂದರ್ರಿ" ಎನ್ನುತ್ತಿದ್ದ. ಎಷ್ಟೋ ಫೋನುಗಳು ನನ್ನ ಮುಖದ ಮೇಲಿದ್ದವು.

ಮೈದಾನದ ಮೂಲೆಯ ನೀರಿನ ಟ್ಯಾಂಕಿಗೆ ಹೋಗಿ ನಳದ ಕೆಳಗೆ ಕೈ ಹಿಡಿದು ಕೂತೆ. ಅಲ್ಲಿಂದ ವೇದಿಕೆ ಕಾಣುತ್ತಿತ್ತು. ಮುಬಿನ ಬಾಯ್ಲರು ಆರುವ ತನಕ ಕಾದಳು. ಆಮೇಲೆ ಮೇಲೆ ಹತ್ತಿ ಎರಡು ಬೆರಳಿನಲ್ಲಿ ಸೀಟಿ ಎತ್ತಿದಳು. ಅದು ಗೇರಿನ ಹಲ್ಲಿಗೆ ತಾಗಿ ನಿಂತಿತು. ಬಿಟ್ಟಳು. ಮತ್ತೆ ಎತ್ತಿದಳು, ಮತ್ತೆ ತಾಗಿತು. ನಾಲ್ಕೈದು ಸಲ ಹಾಗೆ ಮಾಡಿ, ಮುಂದೆ ಮಕ್ಕಳು ಕೂತಿದ್ದ ಜಮಖಾನೆಯನ್ನು ನೋಡಿದಳು. ಸ್ಪ್ಯಾನರಿನಿಂದ ಒಂದೇ ಏಟಿಗೆ ಗೇರು ಉದುರಿಸಿದಳು. ಅದನ್ನು ಹಿಡಿದುಕೊಂಡು ನನ್ನ ಕಡೆ ಬಂದಳು.

"ಶುಕ್ರವಾರ ಕಂಡಿತ್ತಾ?"

"ಕಂಡಿತ್ತು."

ಅವಳು ಗೇರನ್ನು ನೀರಿನ ಟ್ಯಾಂಕಿನ ಕಟ್ಟೆಯ ಮೇಲಿಟ್ಟಳು. ಅವಳು ಬಾಯಿ ತೆರೆಯಲಿ ಎಂದು ನಾನು ಕಾದೆ. ಅವಳು ಏನು ಹೇಳಿದರೂ ಎದುರಾಡುವುದಿಲ್ಲ, ಕೇಳುತ್ತೇನೆ, ತಿದ್ದಿಕೊಂಡು ಬರುತ್ತೇನೆ. ಅದೇ ಅಲ್ಲವೆ ನಮ್ಮ ಪದ್ಧತಿ?

"ಕುಂದು ಹೇಳು ಮುಬಿನ," ಎಂದೆ.

ಅವಳು ನನ್ನ ಬೆಂದ ಕೈ ನೋಡಿದಳು. ಏಳು ವರ್ಷದಲ್ಲಿ ಮೊದಲ ಸಲ ನನ್ನನ್ನು ಹೊರಗಿನವರಂತೆ ಬಹುವಚನದಲ್ಲಿ ಮಾತಾಡಿಸಿದಳು.

"ನಿಮ್ಮೊಳಗ ಏನ್ ಕುಂದು ತಗೀಲ್ರಿ? ಬಂದು ಬೆಂಕಿ ಆರಿಸಿದ್ರಿ. ಭಾಳ ಚಲೋ ಮಾಡಿದ್ರಿ."

ಗೇರನ್ನು ಅಲ್ಲೇ ಬಿಟ್ಟು ಹೋದಳು.

ಗೇರು ಅಂಟಿಸುವವರನ್ನು ನಾನು ಈಗಲೂ ದ್ವೇಷಿಸುತ್ತೇನೆ. ಅವರು ಬರದಿದ್ದರೆ ಆ ಹಲ್ಲು ಅಲ್ಲಿರುತ್ತಿರಲಿಲ್ಲ. ಅವರು ನಮ್ಮ ಶುಕ್ರವಾರವನ್ನು ಹಾಳು ಮಾಡಿದರು ಎಂದು ಯಾರು ಕೇಳಿದರೂ ಹೇಳುತ್ತೇನೆ. ಆದರೆ ನಾನು ಹೋಗುವುದು ಬಿಟ್ಟಮೇಲೆ ಗುಡುಸಾಬರು ಮುಂದಿನ ಶಟರ್ ಮತ್ತೆ ಎಳೆದುಕೊಂಡಿದ್ದಾರಂತೆ. ಹಿಂದಿನ ಬಾಗಿಲಿನಿಂದ ಆಲಮೇಲದ ಹುಡುಗಿಯರು ಬರುತ್ತಾರಂತೆ. ಅವರಿಗೂ ಕುಂದು ಹೇಳುತ್ತಾರಂತೆ. ಬಾಕಿನ ಎಡತುದಿಗೆ ಯಾರು ಕೂರುತ್ತಾರೆಂದು ನಾನು ಕೇಳಿಲ್ಲ.

ನಾನು ಬೆಂಕಿಯ ತಟ್ಟೆ ಒದೆಯುವ ರೀಲ್ ಅರವತ್ತು ಲಕ್ಷ ದಾಟಿದೆ. ಶುಕ್ರವಾರ ಮಧ್ಯಾಹ್ನ ಈಗ ನಾನು ಬಸವನ ಬಾಗೇವಾಡಿಯಲ್ಲಿರುತ್ತೇನೆ. ತಕ್ಕಡಿಯ ಮೇಲೆ ತೂಕದ ಕಲ್ಲಿಟ್ಟು ಮುಳ್ಳು ನಿಲ್ಲುವ ತನಕ ರೀಲಿನ ಕೆಳಗೆ ಬರೆದದ್ದನ್ನು ಓದುತ್ತೇನೆ. ಹೊಟ್ಟೆಕಿಚ್ಚಿನವನು, ಕುಡುಕ, ಹುಚ್ಚ, ಹೆಣ್ಣುಮಗಳ ಏಳಿಗೆ ಕಂಡು ಸಹಿಸದವನು. ಹನ್ನೆರಡು ಸಾವಿರ ಮಂದಿ ನನ್ನ ಕುಂದು ಹೇಳಿದ್ದಾರೆ. ಒಬ್ಬೊಬ್ಬರದನ್ನೂ ಓದಿದ್ದೇನೆ, ಒಬ್ಬರಿಗೂ ಸರಿಯಾದದ್ದು ಸಿಕ್ಕಿಲ್ಲ. ಅದು ಗೊತ್ತಿದ್ದವಳು ಹೇಳಲಿಲ್ಲ.